ಯಾವತ್ತಿಗಿಂತ ವಾಸಿ?

ಹೋದ ಶನಿವಾರ ಇಲ್ಲಿ ಕೊಚ್ಚಿಯ ಎಡಪ್ಪಳ್ಳಿಯ ಮಾಲ್‌ಗೆ ಒಂದು ದೊಡ್ಡ ಸೂಟ್‌ಕೇಸ್ ಕೊಳ್ಳಲು ಹೋಗಿದ್ದೆ. ಲಿಫ್ಟಿನಲ್ಲಿ ಒಬ್ಬ ಅಜ್ಜಿ ನನ್ನ ಪಕ್ಕ ನಿಂತಿದ್ದರು, ಮಗಳೋ ಸೊಸೆಯೋ ಒಬ್ಬಳು ಅವರ ರಟ್ಟೆ ಹಿಡಿದುಕೊಂಡಿದ್ದಳು. ಬಾಗಿಲು ಮುಚ್ಚಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಕುಳಂಬು. ಇಲ್ಲಿಯವರು ಕೀಲುನೋವಿಗೆ ತಿಕ್ಕಿಕೊಳ್ಳುವ ಮಂದ ಎಣ್ಣೆ ಅದು. ಎಳ್ಳೆಣ್ಣೆಗೆ ಅದೇನೇನು ಬೇರು ನಾರು ಹಾಕಿ ಕುದಿಸುತ್ತಾರೋ ದೇವರಿಗೇ ಗೊತ್ತು. ನಾನು ಇಳಿಯಬೇಕಾಗಿದ್ದ ಮಹಡಿ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ನಾನು ಇಳಿಯಲೇ ಇಲ್ಲ. ಅಜ್ಜಿ ಇಳಿದ ಕಡೆ ಇಳಿದು ಒಂದು ಚಪ್ಪಲಿ ಅಂಗಡಿಯ ಎದುರಿನ ಬೆಂಚಿನ ಮೇಲೆ ಕೂತುಬಿಟ್ಟೆ. ಟೀಚರ್ ನೆನಪಾದರು.

ಟೀಚರ್ ಅಂದರೆ ನನಗೆ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ತಿರುವನಂತಪುರದ ಉಳ್ಳೂರಿನಲ್ಲಿ ನಾನೂ ಅಮ್ಮನೂ ಬಾಡಿಗೆಗಿದ್ದ ಮನೆಯ ಯಜಮಾನಿ. ಕೆಳಗೆ ಅವರು, ಮೇಲೆ ನಾವು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಈ ಕಡೆ ಒಮ್ಮೆ ಟೀಚರ್ ಆದವರು ಕೊನೆಯವರೆಗೂ ಟೀಚರೇ. ಮೀನು ಮಾರುವವಳಿಂದ ಹಿಡಿದು ಪಕ್ಕದ ಮನೆಯ ವಕೀಲರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾವೂ ಕರೆದೆವು.

ನಾನು ಚಿತ್ರದುರ್ಗದವಳು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಬಡ್ತಿ ಕೊಟ್ಟೆವು ಅಂತ ಬೆನ್ನು ತಟ್ಟಿ, ಅದೇ ಕೈಯಲ್ಲಿ ತಿರುವನಂತಪುರಕ್ಕೆ ತಳ್ಳಿದರು. ಅಪ್ಪ ಇರಲಿಲ್ಲ, ನಾನು ಒಬ್ಬಳೇ ಮಗಳು. ಮದುವೆ ಗಿದುವೆ ಮಾತು ಎತ್ತುವವರು ಆ ಹೊತ್ತಿಗೆ ಸುಸ್ತಾಗಿ ಸುಮ್ಮನಾಗಿದ್ದರು. ಅಮ್ಮನಿಗೆ ಕೈ ನಡುಗುವ ಕಾಯಿಲೆ ಶುರುವಾಗಿತ್ತು. ನಡಿಗೆ ಸಣ್ಣ ಸಣ್ಣ ಹೆಜ್ಜೆಗೆ ಇಳಿದಿತ್ತು. ಅವಳನ್ನು ಯಾರ ಮನೆಯಲ್ಲಿ ಬಿಟ್ಟು ಹೋಗಲಿ? ನೌಕರಿ ಬಿಟ್ಟರೆ ಇಬ್ಬರೂ ತಿನ್ನುವುದೇನನ್ನು? ಕಟ್ಟಿಕೊಂಡು ಹೋದೆ. ದೊಡ್ಡ ಆಸ್ಪತ್ರೆ ಹತ್ತಿರವಿರಲಿ ಅಂತ ಉಳ್ಳೂರಿನಲ್ಲಿ ಮನೆ ಹಿಡಿದೆ.

ಆ ಊರಿನ ಮನೆಗಳ ಮುಂದೆಲ್ಲ ಒಂದು ಜಗಲಿ, ಅದಕ್ಕೆ ಸಿಟ್‌ಔಟ್ ಅನ್ನುತ್ತಾರೆ, ಅದಕ್ಕೊಂದು ಕಬ್ಬಿಣದ ಗ್ರಿಲ್ಲು. ನಮ್ಮ ಮಹಡಿಗೂ ಇತ್ತು. ಅಮ್ಮ ಮೆಟ್ಟಿಲಿಳಿಯಲು ಹೋಗಿ ಬಿದ್ದಾಳೆಂಬ ಹೆದರಿಕೆಗೆ ನಾನು ಬೆಳಿಗ್ಗೆ ಊಟ, ನೀರು, ಮಾತ್ರೆ ಎಲ್ಲ ಮೇಜಿನ ಮೇಲಿಟ್ಟು, ಗ್ರಿಲ್ಲಿಗೆ ಬೀಗ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಅವಳು ದಿನವಿಡೀ ಸರಳು ಹಿಡಿದು ರಸ್ತೆ ನೋಡುತ್ತ ನಿಂತಿರುತ್ತಿದ್ದಳಂತೆ. ಹೋಗಿಬರುವವರನ್ನು ಕನ್ನಡದಲ್ಲಿ ಮಾತಾಡಿಸುತ್ತಿದ್ದಳಂತೆ. ಅವರು ತಲೆಯೆತ್ತಿ ನಕ್ಕು ಮುಂದೆ ಹೋಗುತ್ತಿದ್ದರು. ಒಂದು ಸಂಜೆ ನಾನು ಗೇಟು ದೂಡಿಕೊಂಡು ಒಳಗೆ ಬರುವಾಗ ಟೀಚರ್ ಮೆಟ್ಟಿಲ ಬುಡದಲ್ಲೇ ಅಡ್ಡ ನಿಂತರು. ನಾನು ಬಾಡಿಗೆಗೆ ಕೊಟ್ಟಿದ್ದು ಮನೆಯನ್ನೋ ಲಾಕಪ್ಪನ್ನೋ ಅಂತ ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಿಟ್ಟು ಬಂದರೆ ಇಂಗ್ಲಿಷು ಎಲ್ಲಿದ್ದರೂ ಎದ್ದು ಓಡಿಹೋಗುತ್ತದೆ. ಅದು ಹೋಯಿತು, ಬರೀ ಸಿಟ್ಟು ಉಳಿಯಿತು. ಅವರು ಅಂಗೈ ಚಾಚಿದರು. ನಾನು ಬೀಗದ ಕೈ ಕೊಟ್ಟೆ. ಅಮ್ಮ ಅಲ್ಲಿಂದಾಚೆ ಹಗಲೆಲ್ಲ ಕೆಳಗಿನ ಸಿಟ್‌ಔಟಿನಲ್ಲಿ, ಟೀಚರ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದಳು.

ಅದೂ ಗ್ರಿಲ್ಲಿನ ಹಿಂದೆಯೇ ಅನ್ನಿ. ಆದರೆ ಇಬ್ಬರಿದ್ದರು.

ಮಧ್ಯಾಹ್ನದ ಹೊತ್ತು ಆ ಸಿಟ್‌ಔಟು ಪಾಠಶಾಲೆಯಾಗುತ್ತಿತ್ತು. ವಿದೇಶಕ್ಕೆ ಹೋಗಬೇಕೆಂದಿದ್ದ ನರ್ಸ್ ಹುಡುಗಿಯರು ಡ್ಯೂಟಿ ಮುಗಿಸಿ, ನಿದ್ದೆಗಣ್ಣಿನಲ್ಲೇ ಬಂದು ಕೂರುತ್ತಿದ್ದರು. ಅವರು ಅಲ್ಲಿಗೆ ಹೋಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ರೋಗಿಯ ಸ್ಥಿತಿ ನಿನ್ನೆ ಹೇಗಿತ್ತು, ಮೊನ್ನೆಗಿಂತ ಏನು ಬದಲಾಯಿತು ಅಂತ ಸರಾಗವಾಗಿ ಹೇಳಲು ಬರೆಯಲು ಬರಬೇಕು. ಇಂಗ್ಲಿಷರ ನಾಲಿಗೆಯ ಮೇಲೆ ಇದು ನೀರು ಕುಡಿದಂತೆ ಆಡುತ್ತದಂತೆ. ಶಿ ಸ್ಲೆಪ್ಟ್ ಬೆಟರ್. ಶಿ ಗ್ರೂ ವೀಕರ್. ಶಿ ವಾಕ್ಡ್ ಸ್ಲೋವರ್. ಆದದ್ದನ್ನು ಹೇಳಿ, ಅದರ ಬೆನ್ನಿಗೇ ಒಂದು ಹೋಲಿಕೆ ಅಂಟಿಸಿ, ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಯಾವುದಕ್ಕಿಂತ ಅಂತ ಹೇಳುವುದೇ ಇಲ್ಲ. ನಮ್ಮಮ್ಮನಂಥವರು ಹಾಗಲ್ಲ. ಹೇಗಿದ್ದೀಯಮ್ಮ ಅಂದರೆ ನಿನ್ನೆಗಿಂತ ವಾಸಿ, ಹೋದ ಅಮಾವಾಸ್ಯೆಗಿಂತ ವಾಸಿ, ಆ ಪುಟ್ಟಕ್ಕನಿಗಿಂತ ನಾನೇ ವಾಸಿ ಅಂತ ಲೆಕ್ಕ ಒಪ್ಪಿಸಿದ ಮೇಲೇ ಅವರಿಗೆ ಸಮಾಧಾನ.

ಟೀಚರ್ ಆ ವಿಷಯದಲ್ಲಿ ಅಮ್ಮನ ಕಡೆಯವರು. ಹುಡುಗಿ ಯಾರೇ ಆಗಲಿ, "ಬೆಟರ್" ಅಂತ ನಿಲ್ಲಿಸಿದಳೋ, ಕನ್ನಡಕದ ಮೇಲಿಂದ ನೋಡಿ "ದ್ಯಾನ್ ವೆನ್?" ಅನ್ನುತ್ತಿದ್ದರು. ಯಾವತ್ತಿಗಿಂತ? ಆ ಹುಡುಗಿಯರಲ್ಲಿ ಒಬ್ಬಳು, ತುಸು ಜೋರಿನವಳು, ಅಲ್ಲಿಯವರು ಯಾರೂ ಹಾಗೆ ಹೇಳುವುದಿಲ್ಲವಲ್ಲ ಟೀಚರ್ ಅಂತ ವಾದಕ್ಕೆ ನಿಂತಳು. ನಾನು ಅವತ್ತು ರಜೆಯಲ್ಲಿ ಮನೆಯಲ್ಲಿದ್ದೆ, ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದೆ. ಟೀಚರ್ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಅವರು ಹೇಳುವುದಿಲ್ಲ, ಯಾಕೆಂದರೆ ಅವರ ಮೊನ್ನೆ ಹೇಳುವವರಿಗೂ ಕೇಳುವವರಿಗೂ ಗೊತ್ತಿರುತ್ತದೆ. ನೀನು ಹೋಗುವ ಕಡೆ ನಿನ್ನ ಮೊನ್ನೆ ಯಾರಿಗೂ ಗೊತ್ತಿಲ್ಲ, ನೀನೇ ಹೇಳಬೇಕು ಅಂದರು. ನನಗೆ ಹುರುಳಿಕಾಯಿ ಮುರಿಯುವುದೇ ಮರೆತುಹೋಯಿತು. ಆ ಊರಿನಲ್ಲಿ ನನ್ನ ಮೊನ್ನೆಯೂ ಯಾರಿಗೂ ಗೊತ್ತಿರಲಿಲ್ಲ.

ಪಾಠಕ್ಕೆ ಒಬ್ಬ ರೋಗಿ ಬೇಕಲ್ಲ. ಮೊದಲೆಲ್ಲ ದಿಂಬನ್ನು ಕುರ್ಚಿಯ ಮೇಲಿಟ್ಟು ಅದನ್ನೇ ರೋಗಿ ಅಂತ ಮಾಡುತ್ತಿದ್ದರಂತೆ. ಅಮ್ಮ ಬಂದ ಮೇಲೆ ದಿಂಬಿನ ನೌಕರಿ ಹೋಯಿತು. ಹುಡುಗಿಯರು ಸರದಿಯ ಪ್ರಕಾರ ಅವಳ ಕೈ ಹಿಡಿದು ಗ್ರಿಲ್ಲಿನ ಈ ತುದಿಯಿಂದ ಆ ತುದಿಗೆ ನಡೆಸುವುದು, ಚಮಚ ಹಿಡಿಸುವುದು, ಗುಂಡಿ ಹಾಕಿಸುವುದು, ಮೊಣಕಾಲಿಗೆ ಕುಳಂಬು ತಿಕ್ಕುವುದು. ಆಮೇಲೆ ಎದ್ದು ನಿಂತು ಇಂಗ್ಲಿಷಿನಲ್ಲಿ ವರದಿ. ಅಮ್ಮ ಮೊನ್ನೆಗಿಂತ ಬೇಗ ನಡೆದರು. ಸೋಮವಾರಕ್ಕಿಂತ ಕಡಿಮೆ ಚೆಲ್ಲಿದರು. ಅಮ್ಮನಿಗೆ ಭಾಷೆ ತಿಳಿಯದಿದ್ದರೂ ಮುಖ ತಿಳಿಯುತ್ತಿತ್ತು. ಒಳ್ಳೆ ವರದಿ ಬರಲಿ ಅಂತ ಮೈಯೆಲ್ಲ ಬಿಗಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಿದ್ದಳು. ಬರಬರುತ್ತ ಪದಗಳೂ ಸಿಕ್ಕವು. ಸಂಜೆ ನಾನು ಬಂದ ಕೂಡಲೇ "ಇವತ್ತು ನಾನು ಬೆಟರ್ ಕಣೇ" ಅನ್ನುವಳು. ಇಲ್ಲದಿದ್ದರೆ ಮುಖ ಇಳಿಬಿಟ್ಟು, "ಸ್ಲೋವರ್ ಅಂದ್ಬಿಟ್ಟಳು ಆ ಗುಂಗುರು ಕೂದಲಿನೋಳು" ಅಂತ ದೂರು.

ಟೀಚರಿಗೂ ಅಮ್ಮನಿಗೂ ನಡುವೆ ಒಂದೇ ಒಂದು ಭಾಷೆ ಇರಲಿಲ್ಲ. ಇವಳು ಕನ್ನಡದಲ್ಲಿ ನಮ್ಮ ಸೋದರತ್ತೆಯ ಮನೆ ಜಗಳ ಹೇಳುವಳು, ಅವರು ಮಲಯಾಳದಲ್ಲಿ ತಮ್ಮ ನಾದಿನಿಯ ಸುದ್ದಿ ಹೇಳುವರು. ಇಬ್ಬರೂ ಸರಿಯಾದ ಜಾಗದಲ್ಲಿ ತಲೆಯಾಡಿಸುವರು. ಅವರು ಇವಳನ್ನು ಚೇಚಿ ಅನ್ನುತ್ತಿದ್ದರು, ಅಕ್ಕ ಅಂತ. ಇವಳು ಟೀಚರಮ್ಮ ಅನ್ನುತ್ತಿದ್ದಳು. ನಾನು ಬಂದು ಅಮ್ಮನನ್ನು ಮೇಲಕ್ಕೆ ಕರೆದುಕೊಂಡು ಹೋಗುವಾಗ ಟೀಚರ್ ಆ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದರು... ನಾನು ಆಗ ಅದಕ್ಕೆ ಗಮನ ಕೊಡಲಿಲ್ಲ.

ನನ್ನ ಗಮನವೆಲ್ಲ ವರ್ಗಾವಣೆಯ ಮೇಲಿತ್ತು. ಆಸ್ಪತ್ರೆಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಿದ್ದರು. ಈ ಕಾಯಿಲೆ ತಿರುಗಿ ಹೋಗುವಂಥದ್ದಲ್ಲ. ನಡೆಸುವುದರಿಂದ ಒಂದಷ್ಟು ದಿನ ಹಿಡಿದಿಡಬಹುದು, ಆಮೇಲೆ ನುಂಗುವುದು, ಮಾತು, ಎಲ್ಲ ಒಂದೊಂದಾಗಿ ಕೈಕೊಡುತ್ತದೆ. ಊರಿಗೆ ಕರೆದುಕೊಂಡು ಹೋಗುವ ಯೋಚನೆಯಿದ್ದರೆ ರೈಲಿನಲ್ಲಿ ಕೂರುವ ಶಕ್ತಿ ಇರುವಾಗಲೇ ಹೋಗಿ ಅಂದಿದ್ದರು. ಅಮ್ಮನಿಗೆ ಇದನ್ನು ನಾನು ಹೇಳಲಿಲ್ಲ. ಆದರೆ ಅವಳಿಗೆ ಇದ್ದ ಆಸೆಯೂ ಅದೊಂದೇ. ನಮ್ಮೂರಿನ ಆ ಬಂಡೆಗಳನ್ನು ಒಮ್ಮೆ ನೋಡಬೇಕು, ತಿಳಿಯುವ ಭಾಷೆಯಲ್ಲಿ ನಾಕು ಜನ ಬೈದರೂ ಸಾಕು, ಅಲ್ಲೇ ಕಣ್ಣು ಮುಚ್ಚಬೇಕು ಅನ್ನುವಳು. ಬಿಡ್ತು ಅನ್ನು ಅಂತ ನಾನು ಗದರುತ್ತಿದ್ದೆ. ದಿನಾ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುವಾಗ ಹಿಂದಿನಿಂದ ಅವಳದೊಂದೇ ಪ್ರಶ್ನೆ: "ಆರ್ಡರ್ ಬಂತೇನೆ?"

ನಮ್ಮ ಇಲಾಖೆಯಲ್ಲಿ ತಂದೆತಾಯಿಯ ಕಾಯಿಲೆಯ ಮೇಲೆ ವರ್ಗಾವಣೆ ಕೇಳಿದರೆ ಕೊಚ್ಚಿಯ ವಲಯ ಕಚೇರಿಗೆ ಕರೆಸುತ್ತಿದ್ದರು. ಸುಳ್ಳು ಸರ್ಟಿಫಿಕೇಟುಗಳ ಕಾಟಕ್ಕೆ ರೋಗಿಯನ್ನೂ ಕರೆತರಬೇಕಿತ್ತು, ನೋಡಿಕೊಳ್ಳುವವರನ್ನೂ. ಮೂವರು ಅಧಿಕಾರಿಗಳು, ಜೊತೆಗೊಬ್ಬ ಡಾಕ್ಟರು. ನನಗೆ ಕರೆ ಬಂದಾಗ ಟೀಚರ್ ತಾವಾಗಿಯೇ ಹೊರಟರು. ನಿನಗೆ ಸಿಟ್ಟು ಬಂದರೆ ಬಾಯಿ ಕಟ್ಟುತ್ತೆ, ಮಾತಿಗೆ ನಾನಿರುತ್ತೇನೆ ಅಂದರು. ವಾರವೆಲ್ಲ ನನಗೂ ಪಾಠವಾಯಿತು. ಹೋದ ವರ್ಷಕ್ಕಿಂತ ಮಾತು ಕಮ್ಮಿಯಾಯಿತು. ಆರು ತಿಂಗಳ ಹಿಂದಿಗಿಂತ ನುಂಗುವುದು ಕಷ್ಟವಾಯಿತು. ನಾನು "ಶಿ ಗಾಟ್ ವರ್ಸ್" ಅಂತ ಹೇಳುವಾಗ ನಾಲಿಗೆ ತಡವರಿಸುತ್ತಿತ್ತು. ಹೆತ್ತ ತಾಯಿಯ ಮೇಲೆ ಅಂಥ ಮಾತು ಹೇಳಿ ಅಭ್ಯಾಸ ಮಾಡುವುದಾ? ಟೀಚರ್ ಬಿಡಲಿಲ್ಲ. ಇರುವುದನ್ನು ಹೇಳಿದರೆ ಅವರಿಗೆ ಏನೂ ಆಗುವುದಿಲ್ಲ ಅಂತ ಹೇಳಿಸಿಯೇ ಹೇಳಿಸಿದರು.

ನಸುಕಿನ ರೈಲಿಗೆ ಹೊರಟೆವು. ಅಮ್ಮ ಮದುವೆ ಮನೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟಿದ್ದಳು. ಕಚೇರಿ ವೈಟ್ಟಿಲ ಜಂಕ್ಷನ್ನಿನ ಒಂದು ಒಳರಸ್ತೆಯಲ್ಲಿತ್ತು. ಕೂರಿಸಿದರು, ಕಾಯಿಸಿದರು, ಕೊನೆಗೆ ಒಳಗೆ ಕರೆದರು. ಡಾಕ್ಟರು ಒಳ್ಳೆಯ ಮನುಷ್ಯ. ಎದ್ದು ಬಂದು ಅಮ್ಮನ ಕೈ ಹಿಡಿದು, ಸ್ವಲ್ಪ ನಡೆದು ತೋರಿಸಿ ಅಂತ ಸನ್ನೆ ಮಾಡಿದರು. ಅಯ್ಯೋ ನನ್ನ ಕರ್ಮವೇ! ಅವಳು ಅದನ್ನು ಸಿಟ್‌ಔಟಿನ ಪಾಠ ಅಂದುಕೊಂಡಳು. ಇಷ್ಟು ದೊಡ್ಡ ಜನ ನೋಡುತ್ತಿದ್ದಾರೆ, ಒಳ್ಳೆ ವರದಿ ಬರಬೇಡವೇ? ಬೆನ್ನು ನೆಟ್ಟಗೆ ಮಾಡಿದಳು, ಸೆರಗು ಸರಿಮಾಡಿಕೊಂಡಳು, ಬಾಗಿಲಿನಿಂದ ಕಿಟಕಿಯವರೆಗೆ ಹೋಗಿ ತಿರುಗಿ ಬಂದಳು. ಅಷ್ಟು ಚೆನ್ನಾಗಿ ಅವಳು ಆ ವರ್ಷದಲ್ಲೇ ನಡೆದಿರಲಿಲ್ಲ. ಡಾಕ್ಟರು ವೆರಿ ಗುಡ್ ಅಂದರು, ಅವಳ ಮುಖ ಅರಳಿತು.

ನಾನು ಬಾಯಿ ತೆರೆದೆ. ಕೋಪಕ್ಕೋ ಅಳುವಿಗೋ ವಾರದ ಪಾಠವೆಲ್ಲ ಒಂದರೊಳಗೊಂದು ಕಲಸಿಹೋಯಿತು. ಡಾಕ್ಟರು ಟೀಚರ ಕಡೆ ತಿರುಗಿ, ದಿನವೂ ನೋಡುವವರು ನೀವು, ಇವರು ಹೇಗಿದ್ದಾರೆ ಹೇಳಿ ಅಂದರು. ಟೀಚರ್ ಒಮ್ಮೆ ಅಮ್ಮನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಮೇಜಿನ ಮೇಲಿನ ನೀರಿನ ಲೋಟ ನೋಡುತ್ತ ಮೆಲ್ಲಗೆ ಹೇಳಿದರು.

"ಶಿ ಗಾಟ್ ಬೆಟರ್."

ಅಷ್ಟೇ. ಅಲ್ಲಿಗೇ ನಿಲ್ಲಿಸಿದರು. ಎಷ್ಟೋ ಹುಡುಗಿಯರನ್ನು ಆ ಪ್ರಶ್ನೆ ಕೇಳಿ ಗೋಳು ಹೊಯ್ದುಕೊಂಡಿದ್ದ ಹೆಂಗಸು ಅಲ್ಲಿಗೇ ನಿಲ್ಲಿಸಿದರು. ಯಾರಾದರೂ ಕೇಳುತ್ತಾರೆ ಅಂತ ನಾನು ಕಾದೆ. ಡಾಕ್ಟರು ಕೇಳಲಿಲ್ಲ, ಅಧಿಕಾರಿಗಳು ಕೇಳಲಿಲ್ಲ. ಅವರಿಗೆ ಬೆಟರ್ ಅಂದರೆ ಬೆಟರ್. ಇಲ್ಲೇ ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದೆಯಲ್ಲ, ಮುಂದಿನ ವರ್ಷ ನೋಡೋಣ ಅಂತ ಕೈಮುಗಿದು ಕಳಿಸಿದರು.

ವಾಪಸು ಬರಲು ವೈಟ್ಟಿಲದಿಂದ ಬಸ್ಸು ಹಿಡಿದೆವು. ಅಮ್ಮನಿಗೆ ಕಿಟಕಿಯ ಪಕ್ಕ, ನಡುವೆ ನಾನು, ಈ ಕಡೆ ಟೀಚರ್. ನನ್ನ ಮೈಯೆಲ್ಲ ಉರಿಯುತ್ತಿತ್ತು, ಬಾಯಿಬಿಟ್ಟರೆ ಬಸ್ಸಿಗೆ ಬಸ್ಸೇ ತಿರುಗಿ ನೋಡುವಂತೆ ಕೂಗಾಡಿಬಿಡುತ್ತಿದ್ದೆ. ಆದರೆ ಅಮ್ಮ ನನ್ನ ತೋಳು ತಿವಿದು, ಗುಟ್ಟು ಹೇಳುವವಳಂತೆ ಕಿವಿಯ ಹತ್ತಿರ ಬಂದಳು. "ನೋಡಿದ್ಯಾ, ಅಷ್ಟು ದೊಡ್ಡ ಸಾಹೇಬರ ಮುಂದೆ ಟೀಚರಮ್ಮ ನನ್ನ ಬೆಟರ್ ಅಂದ್ರು" ಅಂದಳು. ಒಂದು ಕಡೆ ಇವಳ ಸಂತೋಷ, ಇನ್ನೊಂದು ಕಡೆ ಅವರ ಮೌನ, ನಡುವೆ ನಾನು. ಆಲಪ್ಪುಳ ಬರುವ ಹೊತ್ತಿಗೆ ಅಮ್ಮ ನಿದ್ದೆ ಹೋಗಿದ್ದಳು. ಅವಳ ತಲೆ ನನ್ನ ಹೆಗಲ ಮೇಲಿತ್ತು, ಆದ್ದರಿಂದ ಅಲುಗಾಡಲೂ ಆಗಲಿಲ್ಲ.

ಮಾರನೆಯ ದಿನ ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಕೆಳಗಿಳಿದೆ. ಟೀಚರ್ ಸಿಟ್‌ಔಟು ಗುಡಿಸುತ್ತಿದ್ದರು. ನಾನು ಕನ್ನಡದಲ್ಲೇ ಶುರುಮಾಡಿದೆ. ಅವರಿಗೆ ತಿಳಿದರೆಷ್ಟು ಬಿಟ್ಟರೆಷ್ಟು? ಬೈಯಲು ನನಗೆ ಬರುವುದು ಅದೊಂದೇ ಭಾಷೆ. ಎಲ್ಲ ಮುಗಿದ ಮೇಲೆ ಉಸಿರು ತೆಗೆದುಕೊಂಡು, ಅವರಿಗೆ ತಿಳಿಯಲೇಬೇಕಾದ ಒಂದು ಮಾತನ್ನು ಇಂಗ್ಲಿಷಿನಲ್ಲಿ ಕೇಳಿದೆ. ಯಾವತ್ತಿಗಿಂತ ಅಂತ ಯಾಕೆ ಹೇಳಲಿಲ್ಲ?

ಅವರು ಪೊರಕೆ ಗೋಡೆಗೆ ಒರಗಿಸಿದರು. ನಾನು ಸುಳ್ಳು ಹೇಳಲಿಲ್ಲ ಅಂದರು. ಇಲ್ಲಿಗೆ ಬಂದಾಗ ಚೇಚಿ ಗೋಡೆ ಹಿಡಿದು ನಡೆಯುತ್ತಿದ್ದರು, ಈಗ ಹಿಡಿಯುವುದಿಲ್ಲ, ಅದು ನಿನಗೂ ಗೊತ್ತು ಅಂದರು. ಗೊತ್ತಿತ್ತು. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಆದರೆ ಮಾತು, ನುಂಗುವುದು, ಡಾಕ್ಟರ ಎಚ್ಚರಿಕೆ, ಅದನ್ನೆಲ್ಲ ಯಾಕೆ ನುಂಗಿಕೊಂಡಿರಿ ಅಂತ ಮತ್ತೆ ಕೇಳಿದೆ. ಅವರು ಆ ಬೆತ್ತದ ಕುರ್ಚಿಯ ಬೆನ್ನು ಹಿಡಿದು ನಿಂತರು. ಮಲಯಾಳವೂ ಇಂಗ್ಲಿಷೂ ಬೆರೆಸಿ ಹೇಳಿದರು.

"ನೀವು ಹೋದ ಮೇಲೆ ನಾನು ಯಾರ ಜೊತೆ ಕೂತುಕೊಳ್ಳಲಿ, ಮೋಳೇ?"

ಮೋಳೇ ಅಂದರೆ ಮಗಳೇ ಅಂತ. ಮೆಟ್ಟಿಲು ಹತ್ತಿ ಮೇಲೆ ಬಂದು, ಸ್ನಾನದ ಮನೆಯ ಬಾಗಿಲಿಗೆ ಒರಗಿ, ಅಮ್ಮನ ಬೆನ್ನಿಗೆ ನೀರು ಹೊಯ್ಯುವುದಕ್ಕೆ ಕಾದು ನಿಂತೆ.

ಮನೆ ಬಿಡೋಣ ಅಂದುಕೊಂಡೆ. ಬಿಟ್ಟು ಹೋಗುವುದೆಲ್ಲಿಗೆ? ನಾನು ಕಚೇರಿಗೆ ಹೋದಾಗ ಅಮ್ಮನನ್ನು ನೋಡುವವರು ಬೇಕು, ಇಲ್ಲದಿದ್ದರೆ ಮತ್ತೆ ಬೀಗ. ನನ್ನ ಅಮ್ಮನನ್ನು ಊರಿಂದ ದೂರ ಇಟ್ಟ ಹೆಂಗಸಿನ ಕೈಗೇ ದಿನಾ ಬೆಳಿಗ್ಗೆ ಅಮ್ಮನನ್ನು ಒಪ್ಪಿಸಿ ಹೋಗಬೇಕಿತ್ತು. ಟೀಚರ್ ಜೊತೆ ಮಾತು ಬಿಟ್ಟೆ. ಅವರು ಬಿಡಲಿಲ್ಲ. ಸಂಜೆ ನಾನು ಗೇಟು ತೆರೆದರೆ ಅಂದಿನ ವರದಿ ಒಪ್ಪಿಸುತ್ತಿದ್ದರು: ನಿನ್ನೆಗಿಂತ ಅರ್ಧ ದೋಸೆ ಜಾಸ್ತಿ, ಮೊನ್ನೆಗಿಂತ ನಡುಕ ಜೋರು. ಪ್ರತಿಯೊಂದಕ್ಕೂ ಯಾವತ್ತಿಗಿಂತ ಅಂತ ಸೇರಿಸಿಯೇ ಹೇಳುತ್ತಿದ್ದರು. ಅದು ಅವರ ಕ್ಷಮೆ ಕೇಳುವ ರೀತಿಯಿರಬೇಕು. ನಾನು ಮುಖ ಗಂಟಿಕ್ಕಿಕೊಂಡು ಕೇಳಿ ಮೇಲೆ ಹೋಗುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಮೆಟ್ಟಿಲಿಳಿಯುವುದು ನಿಂತಿತು. ಡಾಕ್ಟರು ಹೇಳಿದ್ದೆಲ್ಲ ಹೇಳಿದ ಸಾಲಿನಲ್ಲೇ ಬಂತು. ರೈಲಿನ ಮಾತು ಇನ್ನು ಆಡುವ ಹಾಗಿರಲಿಲ್ಲ. ಆಗ ಟೀಚರೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರತೊಡಗಿದರು, ಹುಡುಗಿಯರೂ ಹಿಂದಿನಿಂದ ಬಂದರು. ಪಾಠ ಅಮ್ಮನ ಮಂಚದ ಸುತ್ತ ನಡೆಯಿತು. ಅಮ್ಮನ ಬಾಯಿಂದ ಒಂದೊಂದೇ ಪದ ಉದುರಿಹೋಗುತ್ತಿತ್ತು. ನನ್ನ ಹೆಸರು ಹೋಯಿತು. ಬೆಟರ್ ಹೋಯಿತು. ಕೊನೆಯವರೆಗೂ ಉಳಿದದ್ದು ಒಂದೇ. ನನ್ನ ಮುಖ ಕಂಡ ಕೂಡಲೇ ಗಂಟಲಲ್ಲೇ ಗೊರಗೊರ ಅನ್ನುವಳು, ಆರ್ಡರ್ ಬಂತೇನೆ...

ಅವಳು ಹೋದದ್ದು ಒಂದು ಮಧ್ಯಾಹ್ನ, ಪಾಠದ ಹೊತ್ತಿಗೆ. ಆ ವಾರ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಆ ಗುಂಗುರು ಕೂದಲಿನ ಹುಡುಗಿ ನಾಡಿ ನೋಡುತ್ತಿದ್ದಳು. ಅಭ್ಯಾಸಬಲಕ್ಕೆ ಎದ್ದು ನಿಂತು "ಅಮ್ಮ ಬಿಕೇಮ್..." ಅಂದಳು, ಮುಂದೆ ಅವಳಿಗೆ ಪದ ಸಿಗಲಿಲ್ಲ. ಟೀಚರ್ ಏನೂ ಕೇಳಲಿಲ್ಲ. ಅಮ್ಮನ ಕಾಲಿಗೆ ಕುಳಂಬು ತಿಕ್ಕುತ್ತಿದ್ದವರು ಕೈ ನಿಲ್ಲಿಸಲೇ ಇಲ್ಲ. ನಾನೇ ಹೋಗಿ ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು, ಬೇರೆ ಯಾರಿದ್ದರು ನಮಗೆ? ಅಮ್ಮನನ್ನು ಅಲ್ಲೇ ತಿರುವನಂತಪುರದಲ್ಲೇ ಸುಟ್ಟೆವು. ಊರಿಗೆ ಹೋದದ್ದು ಅಸ್ಥಿ ಮಾತ್ರ.

ಮುಂದಿನ ವರ್ಷದ ಪಟ್ಟಿಯಲ್ಲಿ ನನಗೆ ವರ್ಗವಾಯಿತು. ಕರ್ನಾಟಕಕ್ಕಲ್ಲ, ಕೊಚ್ಚಿಗೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಮಾನು ಕಟ್ಟುವಾಗ ಟೀಚರ್ ಮೇಲೆ ಬರಲಿಲ್ಲ. ಕೆಳಗಿಳಿದು ಮನೆಯ ಬೀಗದ ಕೈ ಕೊಟ್ಟಾಗ ಅದನ್ನು ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಅಲ್ಲಿಂದ ಪ್ರತಿ ಭಾನುವಾರ ಅವರ ಫೋನು. ನಿದ್ದೆ ಬಂತಾ ಅನ್ನುವರು. ಬೆಟರ್ ಅನ್ನುತ್ತಿದ್ದೆ. ಯಾವತ್ತಿಗಿಂತ ಅನ್ನುವರು. ಒಮ್ಮೊಮ್ಮೆ ಸಿಡುಕುತ್ತಿದ್ದೆ, ಒಮ್ಮೊಮ್ಮೆ ನಿಜ ಹೇಳುತ್ತಿದ್ದೆ. ಅವರ ಮೇಲಿನ ಸಿಟ್ಟು ಪೂರ್ತಿ ಹೋಗಿತ್ತು ಅಂತ ಹೇಳಿದರೆ ತಪ್ಪಾಗುತ್ತದೆ. ಸಿಟ್ಟಿತ್ತು, ಆದರೆ ಭಾನುವಾರ ಫೋನು ತಡವಾದರೆ ಜೀವ ಹಾರುತ್ತಿತ್ತು.

ಒಂದು ಭಾನುವಾರ ಫೋನು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾನೇ ಮಾಡಿದರೆ ಯಾವುದೋ ಹುಡುಗಿ ಎತ್ತಿ, ಟೀಚರ್ ಬಿದ್ದಿದ್ದರು, ಈಗ ಪರವಾಗಿಲ್ಲ ಅಂದಳು. ಆ ಪರವಾಗಿಲ್ಲವನ್ನು ನಂಬದೆ ರೈಲು ಹತ್ತಿದೆ. ಉಳ್ಳೂರಿನ ಮನೆಯ ಗೇಟು ತೆರೆದಾಗ ಮಧ್ಯಾಹ್ನ. ಸಿಟ್‌ಔಟಿನ ತುಂಬ ಹೊಸ ಹುಡುಗಿಯರು, ಗುರುತಿನ ಮುಖ ಒಂದೂ ಇಲ್ಲ, ಹಳಬರೆಲ್ಲ ಪಾಸಾಗಿ ದೇಶ ಬಿಟ್ಟಿದ್ದರು. ನಡುವೆ ಅಮ್ಮನ ಬೆತ್ತದ ಕುರ್ಚಿಯಲ್ಲಿ ಟೀಚರ್. ಒಬ್ಬಳು ಅವರ ಕಾಲಿಗೆ ಕುಳಂಬು ತಿಕ್ಕುತ್ತಿದ್ದಳು. ಇನ್ನೊಬ್ಬಳು ಎದ್ದು ನಿಂತು ಅವರದೇ ವರದಿ ಒಪ್ಪಿಸುತ್ತಿದ್ದಳು. ಟೀಚರ್ ವಾಕ್ಡ್ ಸ್ಲೋವರ್, ಟೀಚರ್ ಏಟ್ ಲೆಸ್. ಅವರ ಪಕ್ಕದ ಕುರ್ಚಿ ಖಾಲಿ ಇತ್ತು. ಟೀಚರ್ ಬೆರಳೆತ್ತಿ "ದ್ಯಾನ್ ವೆನ್?" ಅಂದರು. ದನಿ ಕುಗ್ಗಿತ್ತು, ಕನ್ನಡಕದ ಮೇಲಿನ ನೋಟ ಮಾತ್ರ ಹಾಗೇ ಇತ್ತು. ಆ ಹುಡುಗಿಗೆ ಹಿಂದಿನದು ಏನು ಗೊತ್ತು, ಪಾಪ? ಬಂದು ನಾಕು ದಿನವಾಗಿತ್ತೋ ಏನೋ. ಅವಳು ತಡವರಿಸಿದಳು.

ನಾನು ಗ್ರಿಲ್ಲಿನ ಆಚೆಯಿಂದ, ಚಪ್ಪಲಿ ಬಿಡುವುದನ್ನೂ ಮರೆತು, ಉತ್ತರ ಕೊಟ್ಟೆ. ಚೇಚಿ ಇದ್ದಾಗಿನದಕ್ಕಿಂತ, ಅಂದೆ.

ಟೀಚರ್ ತಿರುಗಿ ನೋಡಿದರು. ಸರಿ ಉತ್ತರ ಬಂದಾಗ ಮಾಡುವಂತೆ ಒಮ್ಮೆ ತಲೆಯಾಡಿಸಿ, ಪಕ್ಕದ ಕುರ್ಚಿಯನ್ನು ಕೈಯಿಂದ ಒರೆಸಿದರು. ನಾನು ಹೋಗಿ ಕೂತೆ. ಆ ದಿನ ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆ. ಅವರು ಮಲಯಾಳದಲ್ಲಿ ಹೇಳುತ್ತ ಹೋದರು, ನಾನು ಕನ್ನಡದಲ್ಲಿ ಹೂಂಗುಟ್ಟಿದೆ.

ಆಮೇಲೆ ಟೀಚರ್ ಹೆಚ್ಚು ದಿನ ಇರಲಿಲ್ಲ. ಮನೆ ಈಗ ಅವರ ತಮ್ಮನ ಮಗನ ಪಾಲಿಗೆ ಬಂದಿದೆಯಂತೆ, ಕೆಳಗೆ ಔಷಧಿ ಅಂಗಡಿ ಮಾಡಿದ್ದಾನಂತೆ. ನಾನು ಆ ರಸ್ತೆಗೆ ಮತ್ತೆ ಹೋಗಿಲ್ಲ...

ಹೋದ ಶನಿವಾರ ಸೂಟ್‌ಕೇಸ್ ಕೊಳ್ಳಲು ಹೋಗಿದ್ದೆ ಅಂದೆನಲ್ಲ, ಅದು ಸುಮ್ಮನೆ ಅಲ್ಲ. ಆರ್ಡರ್ ಬಂದಿದೆ. ಅದೂ ದಾವಣಗೆರೆಗೆ. ಅಲ್ಲಿಂದ ಚಿತ್ರದುರ್ಗ ಬಸ್ಸು ಹತ್ತಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ. ನಾನು ಕೇಳಿರಲಿಲ್ಲ, ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಇಲಾಖೆಯವರಿಗೇ ಏನು ತೋಚಿತೋ ಕಳಿಸಿದ್ದಾರೆ. ಕಚೇರಿಯಲ್ಲಿ ಐಟಿ ಪಾರ್ಕಿನ ಹುಡುಗನ ಕೈಹಿಡಿದು ಮಂಡ್ಯದಿಂದ ಬಂದ ಹುಡುಗಿಯೊಬ್ಬಳಿದ್ದಾಳೆ. ಅವಳು ಎಲ್ಲರಿಗೂ ಹಲ್ವಾ ಹಂಚಿ, ಊರಿಗೆ ಹೋದಮೇಲೆ ನೀವು ಎಷ್ಟು ಬೆಟರ್ ಆಗ್ತೀರ ನೋಡಿ ಮೇಡಮ್ ಅಂದಳು. ಒಳ್ಳೆ ಮನಸ್ಸಿನಿಂದಲೇ ಅಂದಳು.

ಆ ಬೆಂಚಿನ ಮೇಲೆ ಕೂತಿದ್ದಾಗ ನನಗೆ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಕುಳಂಬಿನ ವಾಸನೆ ಅಷ್ಟು ಹೊತ್ತಿಗೆ ಹೋಗಿತ್ತು, ಅಜ್ಜಿ ಎಲ್ಲೋ ಜನರಲ್ಲಿ ಸೇರಿಹೋಗಿದ್ದರು. ಎದ್ದು ಕೆಳಗಿನ ಮಹಡಿಗೆ ಹೋಗಿ ಸೂಟ್‌ಕೇಸ್ ಕೊಂಡೆ. ದೊಡ್ಡದೇ ತಗೊಳ್ಳಿ ಅಂತ ಅಂಗಡಿಯವನು ಒತ್ತಾಯ ಮಾಡಿದ. ಎಷ್ಟು ಜನ ಹೋಗುವುದು ಅಂತ ಕೇಳಿದ. ನಾನು ಒಬ್ಬಳೇ ಅಂದೆ. ಇವತ್ತು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಕೈ ತಾನೇ ನಿಂತಿತು, ಹಿಂದಿನಿಂದ ಆ ಪ್ರಶ್ನೆ ಬರುತ್ತದೆ ಅಂತ. ಬಂತು ಕಣಮ್ಮ ಅಂತ ಕನ್ನಡಿಗೆ ಹೇಳಿದೆ. ಮಂಡ್ಯದ ಹುಡುಗಿ ಹೇಳಿದ್ದನ್ನೂ ಹೇಳಿದೆ, ಇನ್ನು ಮೇಲೆ ನಾನು ಬೆಟರ್ ಆಗುತ್ತೇನಂತೆ ಅಂತ. ಯಾವತ್ತಿಗಿಂತ ಅಂತ ಯಾರೂ ಕೇಳಲಿಲ್ಲ.